ಹರಡುವ ಗುಣ, ಕೊಲ್ಲುವ ಗುಣ

ಇನ್‌ಫ್ಲುಯೆಂಜಾ ವೈರಸ್ಸು ರೂಪಾಂತರ ಹೊಂದಿದೆ ಎಂಬ ಸುದ್ದಿ ಬಂದಾಗಲೆಲ್ಲ, ರೋಗ ಮೊದಲಿಗಿಂತ ಘೋರವಾಗಿದೆ ಮತ್ತು ಮೊದಲಿಗಿಂತ ಬೇಗ ಹರಡುತ್ತದೆ ಎಂಬ ಎರಡು ತೀರ್ಮಾನಗಳು ಅದರ ಬೆನ್ನಿಗೇ ಬರುತ್ತವೆ. ಇವೆರಡೂ ಬೇರೆ ಬೇರೆ ಸಂಗತಿಗಳು, ಎಷ್ಟೋ ಸಲ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಎಳೆಯುವಂಥವು ಎಂಬುದನ್ನು ಬಿಡಿಸಿ ನೋಡುವ ಪ್ರಯತ್ನವೇ ಈ ಸಂವಾದ. ಮಾತನಾಡುವವರಲ್ಲಿ ಒಬ್ಬರು ಮಾನ್ವಿಯಲ್ಲಿ ಜೀವಶಾಸ್ತ್ರ ಕಲಿಸುವ ಅಧ್ಯಾಪಕಿ. ಇನ್ನೊಬ್ಬರು ದೇವದುರ್ಗ ತಾಲ್ಲೂಕಿನಲ್ಲಿ ಬಹುಕಾಲ ಕೆಲಸ ಮಾಡಿ ಈಗ ರಾಯಚೂರು ನಗರದಲ್ಲಿ ನೆಲೆಸಿರುವ ವೈದ್ಯ.

ಅಧ್ಯಾಪಕಿ: ಹಳ್ಳಿಯವರು ಜಡ್ಡು ಬಿದ್ದಿದೆ ಎಂದಷ್ಟೇ ಹೇಳುತ್ತಾರೆ, ಪತ್ರಿಕೆಗಳು ಹೊಸ ತಳಿ ಬಂದಿದೆ ಎನ್ನುತ್ತವೆ. ಸಿಡುಬಿನ ಅಥವಾ ದಡಾರದ ವೈರಸ್ಸಿಗೆ ಇಲ್ಲದ ಈ ಹೊಸತನದ ಹಂಬಲ ಇನ್‌ಫ್ಲುಯೆಂಜಾಕ್ಕೆ ಮಾತ್ರ ಏಕೆ ಎಂಬಲ್ಲಿಂದ ಆರಂಭಿಸುವುದು ಸೂಕ್ತ.

ವೈದ್ಯ: ಹಂಬಲವೆಂಬುದು ವೈರಸ್ಸಿಗಿಲ್ಲ, ಇರುವುದು ನಕಲು ಮಾಡುವಾಗಿನ ಅಜಾಗರೂಕತೆ. ಇನ್‌ಫ್ಲುಯೆಂಜಾ ‘ಎ’ ವೈರಸ್ಸಿನ ಜೀನೋಮ್, ಎಂದರೆ ಅದರ ಇಡೀ ಆನುವಂಶಿಕ ಬರಹ, ಆರ್‌ಎನ್‌ಎ ಎಂಬ ಅಣುವಿನಲ್ಲಿ 8 ಪ್ರತ್ಯೇಕ ತುಂಡುಗಳಾಗಿ ಅಡಗಿದ್ದು, ಎಲ್ಲ ಸೇರಿ ಸುಮಾರು 13,500 ಅಕ್ಷರಗಳಾಗುತ್ತವೆ. ಈ ಬರಹವನ್ನು ನಕಲಿಸುವ ಪಾಲಿಮರೇಸ್ ಎಂಬ ಕಿಣ್ವಕ್ಕೆ ತಾನು ಬರೆದುದನ್ನು ಮರಳಿ ಓದಿ ತಿದ್ದುವ ಶಕ್ತಿಯಿಲ್ಲ. ಹತ್ತು ಸಾವಿರದಿಂದ ಒಂದು ಲಕ್ಷ ಅಕ್ಷರಗಳಿಗೆ ಒಂದರಂತೆ ತಪ್ಪು ನುಸುಳುತ್ತದೆ, ಹಾಗಾಗಿ ಒಬ್ಬನೇ ರೋಗಿಯ ಗಂಟಲಿನೊಳಗೂ ಹುಟ್ಟುವುದು ಒಂದೇ ವೈರಸ್ಸಲ್ಲ, ತುಸು ತುಸು ಭಿನ್ನವಾದ ವೈರಸ್ಸುಗಳ ಒಂದು ದೊಡ್ಡ ಹಿಂಡು. ಆ ತಪ್ಪುಗಳಲ್ಲಿ ಹೆಚ್ಚಿನವು ವೈರಸ್ಸಿಗೇ ಹಾನಿ ಮಾಡುತ್ತವೆ ಅಥವಾ ಏನನ್ನೂ ಮಾಡುವುದಿಲ್ಲ. ಆದ್ದರಿಂದ ವೈರಸ್ಸು ಬದಲಾಗಿದೆ ಎಂಬುದು ಸುದ್ದಿಯೇ ಅಲ್ಲ. ಯಾವ ತುಂಡಿನಲ್ಲಿ, ಎಷ್ಟನೆಯ ಸ್ಥಾನದಲ್ಲಿ, ಯಾವ ಅಮೈನೋ ಆಮ್ಲ ಹೋಗಿ ಯಾವುದು ಬಂತು ಎಂಬುದು ಗೊತ್ತಾದಾಗ ಮಾತ್ರ ಅದು ಸುದ್ದಿಯಾಗುತ್ತದೆ.

ಅಧ್ಯಾಪಕಿ: ಎಚ್1ಎನ್1, ಎಚ್3ಎನ್2 ಎಂಬ ಹೆಸರುಗಳಲ್ಲಿರುವ ಎರಡು ಅಕ್ಷರಗಳು ಪಠ್ಯಪುಸ್ತಕದಲ್ಲಿ ಬರುತ್ತವೆ, ಆದರೆ ಅವುಗಳ ಕೆಲಸ ಏನೆಂಬುದನ್ನು ಪುಸ್ತಕ ಒಂದು ಸಾಲಿನಲ್ಲಿ ಮುಗಿಸುತ್ತದೆ.

ವೈದ್ಯ: ‘ಎಚ್’ ಎಂದರೆ ಹಿಮಗ್ಲುಟಿನಿನ್, ವೈರಸ್ಸಿನ ಹೊರಮೈಯಿಂದ ಮುಳ್ಳಿನಂತೆ ಚಾಚಿಕೊಂಡು ಮನುಷ್ಯನ ಜೀವಕೋಶವನ್ನು ಹಿಡಿದುಕೊಳ್ಳುವ ಪ್ರೋಟೀನು. ‘ಎನ್’ ಎಂದರೆ ನ್ಯೂರಮಿನಿಡೇಸ್, ಹೊಸದಾಗಿ ಹುಟ್ಟಿದ ವೈರಸ್ಸುಗಳು ಆ ಕೋಶಕ್ಕೇ ಅಂಟಿ ಉಳಿಯದಂತೆ ಕತ್ತರಿಸಿ ಬಿಡುಗಡೆ ಮಾಡುವ ಕಿಣ್ವ. ಒಂದು ಹಿಡಿಯುವ ಕೈ, ಇನ್ನೊಂದು ಬಿಡಿಸುವ ಕತ್ತರಿ, ಮತ್ತು ಎರಡರ ನಡುವೆ ಹೊಂದಾಣಿಕೆ ತಪ್ಪಿದರೆ ವೈರಸ್ಸು ಸಾಗುವುದಿಲ್ಲ. ಹಿಡಿಯುವ ಕೈ ತಡಕುವುದು ಜೀವಕೋಶದ ಮೇಲಿನ ಸಯಾಲಿಕ್ ಆಮ್ಲ ಎಂಬ ಸಕ್ಕರೆಯಂಥ ಅಣುವನ್ನು. ಮನುಷ್ಯನ ಮೂಗು, ಗಂಟಲು, ಶ್ವಾಸನಾಳದ ಮೇಲ್ಭಾಗದಲ್ಲಿ ಅದು ಹೆಚ್ಚಾಗಿ ಆಲ್ಫಾ 2,6 ಎಂಬ ಬಗೆಯ ಕೊಂಡಿಯಿಂದ ಜೋಡಣೆಯಾಗಿರುತ್ತದೆ. ಶ್ವಾಸಕೋಶದ ತಳದಲ್ಲಿ, ಗಾಳಿಚೀಲಗಳ ಹತ್ತಿರ, ಆಲ್ಫಾ 2,3 ಬಗೆಯ ಕೊಂಡಿ ಸಾಕಷ್ಟು ಸಿಗುತ್ತದೆ. ಹಕ್ಕಿಗಳ ಕರುಳಿನಲ್ಲಿರುವುದೂ ಮುಖ್ಯವಾಗಿ ಈ ಎರಡನೆಯದೇ. ರೋಗ ಎಷ್ಟು ಹರಡೀತು, ಎಷ್ಟು ಕೆಡುಕು ಮಾಡೀತು ಎಂಬ ಪ್ರಶ್ನೆಯ ಬಹುಪಾಲು ಈ ಎರಡು ಕೊಂಡಿಗಳ ನಡುವಿನ ಆಯ್ಕೆಯಲ್ಲಿದೆ.

ಅಧ್ಯಾಪಕಿ: ಹಾಗಾದರೆ ಮೇಲ್ಭಾಗವನ್ನು ಹಿಡಿಯುವ ವೈರಸ್ಸು ಕೆಮ್ಮು-ಸೀನಿನೊಡನೆ ಸುಲಭವಾಗಿ ಹೊರಬಿದ್ದು ಮತ್ತೊಬ್ಬರನ್ನು ಸೇರುತ್ತದೆ, ತಳವನ್ನು ಹಿಡಿಯುವುದು ನ್ಯುಮೋನಿಯಾ ತರುತ್ತದೆಯಾದರೂ ಅಷ್ಟು ಆಳದಿಂದ ಹೊರಗೆ ಬರಲಾರದು ಎಂದು ಅರ್ಥವಾಗುತ್ತದೆ.

ವೈದ್ಯ: ಸ್ಥೂಲವಾಗಿ ಹಾಗೆಯೇ, ಮತ್ತು ಅದಕ್ಕೆ 2009ರಲ್ಲಿ ಸ್ಪಷ್ಟ ಉದಾಹರಣೆ ದೊರೆಯಿತು. ಆ ವರ್ಷದ ಹೊಸ ಎಚ್1ಎನ್1 ವೈರಸ್ಸಿನ ಹಿಮಗ್ಲುಟಿನಿನ್‌ನ 222ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲದ ಬದಲು ಗ್ಲೈಸಿನ್ ಬಂದಿರುವ ವೈರಸ್ಸುಗಳು ನಾರ್ವೆಯಲ್ಲಿ ಪತ್ತೆಯಾದವು. ವಿಜ್ಞಾನಿಗಳು ಇದನ್ನು ಡಿ222ಜಿ ಎಂದು ಬರೆಯುತ್ತಾರೆ. ತೀವ್ರ ಕಾಯಿಲೆಯ 61 ಜನರಲ್ಲಿ 11 ಮಂದಿಯಲ್ಲಿ ಈ ಬದಲಾವಣೆ ಇತ್ತು, ಸೌಮ್ಯ ಕಾಯಿಲೆಯ 205 ಜನರಲ್ಲಿ ಒಬ್ಬರಲ್ಲೂ ಇರಲಿಲ್ಲ. ಒಂದು ಅಕ್ಷರದ ಅಂತರದಿಂದ ವೈರಸ್ಸು ಆಳದ ಕೊಂಡಿಯನ್ನೂ ಹಿಡಿಯಲು ಕಲಿತಿತ್ತು. ಆದರೆ ಆ ವೈರಸ್ಸು ನಾರ್ವೆಯನ್ನೋ ಜಗತ್ತನ್ನೋ ಆವರಿಸಲಿಲ್ಲ. ರೋಗಿಯಿಂದ ರೋಗಿಗೆ ಅದು ಸಾಗಿದ್ದು ಅಪರೂಪ, ಹೆಚ್ಚಿನ ಕಡೆ ಅದು ಬಿಡಿಬಿಡಿಯಾಗಿ ಕಾಣಿಸಿಕೊಂಡು ಅಲ್ಲಲ್ಲೇ ನಿಂತುಹೋಯಿತು. ಇನ್ನೂ ಒಂದು ಸೂಕ್ಷ್ಮವಿದೆ: ಆ ಬದಲಾವಣೆಯಿಂದಾಗಿ ರೋಗ ಉಲ್ಬಣಿಸಿತೇ, ಅಥವಾ ರೋಗ ಉಲ್ಬಣಿಸಿ ವೈರಸ್ಸು ಶ್ವಾಸಕೋಶದ ತಳದಲ್ಲಿ ಬಹುದಿನ ಬೆಳೆದುದರಿಂದ ಅಲ್ಲೇ ಆ ಬದಲಾವಣೆ ಹುಟ್ಟಿತೇ ಎಂಬುದನ್ನು ಪ್ರತಿಯೊಬ್ಬ ರೋಗಿಯಲ್ಲೂ ಬೇರೆಯಾಗಿ ಕೇಳಬೇಕಾಗುತ್ತದೆ.

ಅಧ್ಯಾಪಕಿ: ಹರಡುವಿಕೆಯನ್ನು ಮಾತ್ರ ಬದಲಿಸಿ, ಕಾಯಿಲೆಯ ಬಿರುಸನ್ನು ಹಾಗೆಯೇ ಬಿಟ್ಟ ಉದಾಹರಣೆಯೂ ಇರಬೇಕು.

ವೈದ್ಯ: ಇದೆ, ಮತ್ತು ಅದು ತಜ್ಞರ ನಿರೀಕ್ಷೆಯನ್ನೇ ತಲೆಕೆಳಗು ಮಾಡಿತು. ಟ್ಯಾಮಿಫ್ಲೂ ಎಂದು ಪರಿಚಿತವಾದ ಒಸೆಲ್ಟಾಮಿವಿರ್ ಔಷಧಿ ನ್ಯೂರಮಿನಿಡೇಸ್ ಎಂಬ ಆ ಕತ್ತರಿಯನ್ನು ತಡೆಯುತ್ತದೆ. ಕತ್ತರಿಯ 275ನೆಯ ಸ್ಥಾನದಲ್ಲಿ ಬದಲಾವಣೆಯಾದರೆ ಔಷಧಿ ನಾಟುವುದಿಲ್ಲ, ಆದರೆ ಕತ್ತರಿಯೂ ಮೊಂಡಾಗುವುದರಿಂದ ಅಂಥ ವೈರಸ್ಸು ಹರಡಲಾರದು ಎಂದೇ ನಂಬಲಾಗಿತ್ತು. 2007-08ರ ಚಳಿಗಾಲದಲ್ಲಿ ಅಂದಿನ ಋತುಮಾನದ ಎಚ್1ಎನ್1 ವೈರಸ್ಸು ಇದೇ ಬದಲಾವಣೆಯನ್ನು ಹೊತ್ತು, ಈ ಔಷಧಿಯನ್ನು ತೀರ ಕಡಿಮೆ ಬಳಸುತ್ತಿದ್ದ ನಾರ್ವೆಯಲ್ಲೇ ಎದ್ದು ಕಂಡಿತು, ಮುಂದಿನ ವರ್ಷದೊಳಗೆ ಜಗತ್ತಿನಾದ್ಯಂತ ಆ ವೈರಸ್ಸಿನ ಬಹುತೇಕ ಮಾದರಿಗಳಲ್ಲಿ ನೆಲೆಯೂರಿತು. ಅದೇ ಕತ್ತರಿಯಲ್ಲಿ ಮೊದಲೇ ಆಗಿದ್ದ ಬೇರೆ ಸಣ್ಣ ಬದಲಾವಣೆಗಳು 275ರ ನಷ್ಟವನ್ನು ತುಂಬಿಕೊಟ್ಟಿದ್ದವು ಎಂಬುದು ಆಮೇಲೆ ತಿಳಿಯಿತು. ಒಂದು ರೂಪಾಂತರದ ಪರಿಣಾಮವನ್ನು ಅದರ ಸುತ್ತಲಿನ ಉಳಿದ ಬರಹ ನಿರ್ಧರಿಸುತ್ತದೆ. ಪದದ ಅರ್ಥ ವಾಕ್ಯದಲ್ಲಿ ತಿಳಿಯುವಂತೆ.

ಅಧ್ಯಾಪಕಿ: ಇಲ್ಲಿಯವರೆಗೆ ಹೇಳಿದ್ದೆಲ್ಲ ಅಕ್ಷರ ಅಕ್ಷರದ ತಪ್ಪು. ತುಂಡು ತುಂಡೇ ಅದಲುಬದಲಾಗುವುದನ್ನೂ ಹೇಳಬೇಕು.

ವೈದ್ಯ: ಎರಡು ಬೇರೆ ಇನ್‌ಫ್ಲುಯೆಂಜಾ ವೈರಸ್ಸುಗಳು ಒಂದೇ ಜೀವಕೋಶವನ್ನು ಹೊಕ್ಕರೆ, 8 ತುಂಡುಗಳು ಕಲಸಿಹೋಗಿ ಹೊಸ ಜೋಡಣೆಯ ವೈರಸ್ಸು ಹೊರಬರಬಹುದು. 1957ರ ಸಾಂಕ್ರಾಮಿಕದ ವೈರಸ್ಸು ಹಕ್ಕಿಯಿಂದ 3 ತುಂಡುಗಳನ್ನೂ 1968ರದು 2 ತುಂಡುಗಳನ್ನೂ ಪಡೆದಿದ್ದವು. 2009ರದರಲ್ಲಿ ಹಂದಿ, ಹಕ್ಕಿ, ಮನುಷ್ಯ ಮೂರರ ಮೂಲಗಳೂ ಹಂದಿಯೊಳಗೆ ಸೇರಿಕೊಂಡಿದ್ದವು. ಅಕ್ಷರದೋಷಗಳು ಮೆಲ್ಲಮೆಲ್ಲನೆ ಕೂಡಿ ಹಳೆಯ ರೋಗನಿರೋಧಕ ಶಕ್ತಿಯಿಂದ ವೈರಸ್ಸು ಜಾರಿಕೊಳ್ಳುವುದನ್ನು ಪ್ರತಿಜನಕದ ಸರಿತ ಎನ್ನುತ್ತಾರೆ. ತುಂಡೇ ಬದಲಾಗಿ ಯಾರಿಗೂ ಪರಿಚಯವಿಲ್ಲದ ಮುಖ ಬರುವುದನ್ನು ಪ್ರತಿಜನಕದ ಪಲ್ಲಟ ಎನ್ನುತ್ತಾರೆ. ಮೊದಲನೆಯದರಿಂದಾಗಿ ಲಸಿಕೆಯನ್ನು ಆಗಾಗ ಬದಲಿಸಬೇಕಾಗುತ್ತದೆ: 2009ರ ಕ್ಯಾಲಿಫೋರ್ನಿಯಾ ತಳಿಯಿಂದ ಮಾಡಿದ ಎಚ್1ಎನ್1 ಲಸಿಕೆ 2017ರವರೆಗೆ ನಡೆದು, ಆಮೇಲೆ 2015ರ ಮಿಶಿಗನ್ ತಳಿಗೆ ಜಾಗ ಬಿಟ್ಟಿತು. ಎರಡನೆಯದು ಮಹಾಸಾಂಕ್ರಾಮಿಕಗಳನ್ನು ತರುತ್ತದೆ. 2009ರ ಮೇ ತಿಂಗಳಲ್ಲಿ ಭಾರತದ ಮೊದಲ ಪ್ರಕರಣ ಪತ್ತೆಯಾದದ್ದು ಹೈದರಾಬಾದಿನಲ್ಲಿ, ವಿಮಾನದಲ್ಲಿ ಬಂದಿಳಿದ ಪ್ರಯಾಣಿಕರೊಬ್ಬರಲ್ಲಿ. ಹಂದಿಜ್ವರ ಎಂಬ ಹೆಸರು ಕೇಳಿ ಊರ ಹಂದಿಗಳನ್ನು ದೂರಿದ್ದು ಅನ್ಯಾಯವಾಗಿತ್ತು, ಏಕೆಂದರೆ ಆ ಹೊತ್ತಿಗೆ ಅದು ಮನುಷ್ಯನಿಂದ ಮನುಷ್ಯನಿಗೇ ಹರಡುವ ರೋಗವಾಗಿತ್ತು.

ಅಧ್ಯಾಪಕಿ: ಆದರೆ ಭಾರತದಲ್ಲಿ ಹೆಚ್ಚು ಸಾವುಗಳ ಭಯ ಹುಟ್ಟಿದ್ದು 2015ರಲ್ಲಿ, ಮಹಾಸಾಂಕ್ರಾಮಿಕ ಮುಗಿದು ಐದು ವರ್ಷವಾದ ಮೇಲೆ. ವೈರಸ್ಸು ಆಗ ಬದಲಾಗಿತ್ತು ಎಂಬ ವಾದವೂ ಕೇಳಿಬಂದಿತ್ತು.

ವೈದ್ಯ: ಈ ಇಡೀ ವಿಷಯದಲ್ಲಿ ಭಾರತೀಯರು ಮತ್ತೆ ಮತ್ತೆ ಓದಬೇಕಾದ ಪ್ರಸಂಗ ಅದು. ಆ ವರ್ಷ ದೇಶದಲ್ಲಿ 42,592 ಪ್ರಕರಣಗಳೂ 2,990 ಸಾವುಗಳೂ ದಾಖಲಾದವು. ಮಾರ್ಚ್‌ನಲ್ಲಿ ಅಮೆರಿಕದ ಎಂಐಟಿಯ ರಾಮ್ ಶಶಿಶೇಖರನ್ ಮತ್ತು ಕಣ್ಣನ್ ತಾರಕರಾಮನ್ ಒಂದು ಲೇಖನ ಪ್ರಕಟಿಸಿ, 2014ರ ಭಾರತೀಯ ವೈರಸ್ಸಿನ ಹಿಮಗ್ಲುಟಿನಿನ್‌ನಲ್ಲಿ ಎರಡು ಬದಲಾವಣೆಗಳಿವೆ, ಒಂದು ಹೆಚ್ಚಿನ ತೀವ್ರತೆಗೆ, ಇನ್ನೊಂದು ಜೀವಕೋಶವನ್ನು ಗಟ್ಟಿಯಾಗಿ ಹಿಡಿಯುವುದಕ್ಕೆ ಕಾರಣವಾಗಬಲ್ಲದು ಎಂದು ಎಚ್ಚರಿಸಿದರು. ಮೊದಲನೆಯದು ನಾರ್ವೆಯಲ್ಲಿ ಕಂಡ ಅದೇ ಸ್ಥಾನ. ಬೇರೊಂದು ಎಣಿಕೆಯ ಕ್ರಮದಲ್ಲಿ ಅದನ್ನು 225 ಎಂದು ಬರೆಯುತ್ತಾರೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮತ್ತು ಕೇಂದ್ರ ಸರ್ಕಾರ ಈ ವಾದವನ್ನು ಒಪ್ಪಲಿಲ್ಲ. ವೈರಸ್ಸು 2009ರ ತಳಿಯಿಂದ ಗಣನೀಯವಾಗಿ ಬದಲಾಗಿಲ್ಲ ಎಂದವು. ಯಾರ ಮಾತು ಸರಿ ಎಂಬುದಕ್ಕಿಂತ ಆಳವಾಗಿ ನೋಯಿಸುವ ಸಂಗತಿ ಬೇರೆಯಿದೆ. ನೂರು ಕೋಟಿಗೂ ಮಿಕ್ಕ ಜನರಿರುವ ದೇಶದ ವೈರಸ್ಸಿನ ಬಗ್ಗೆ ಆ ಲೇಖನ ಆಧರಿಸಿದ್ದು ಸಾರ್ವಜನಿಕ ಸಂಗ್ರಹದಲ್ಲಿ ಸಿಕ್ಕ ಎರಡು ಭಾರತೀಯ ಅನುಕ್ರಮಗಳನ್ನು, ಎಂದರೆ ಅಕ್ಷರಕ್ಕೆ ಅಕ್ಷರ ಓದಿ ಬರೆದಿಟ್ಟ ಎರಡೇ ಎರಡು ವೈರಸ್ಸುಗಳ ಬರಹವನ್ನು.

ಅಧ್ಯಾಪಕಿ: 42,592ಕ್ಕೆ 2,990 ಎಂದರೆ ನೂರಕ್ಕೆ ಏಳು ಜನ. ಅದು ವೈರಸ್ಸಿನ ಕೊಲ್ಲುವ ಗುಣವನ್ನು ತೋರಿಸುವುದಿಲ್ಲವೇ?

ವೈದ್ಯ: ತೋರಿಸುವುದಿಲ್ಲ. ಸರ್ಕಾರದ ಮಾರ್ಗಸೂಚಿ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ: ಸಾಮಾನ್ಯ ಜ್ವರ, ಕೆಮ್ಮು, ಮೈಕೈ ನೋವಿನವರು ‘ಎ’, ಹೆಚ್ಚು ಜ್ವರವಿರುವವರು, ಮತ್ತು ಗರ್ಭಿಣಿ, ವೃದ್ಧರು, ಸಕ್ಕರೆ ಕಾಯಿಲೆಯವರಂಥ ಅಪಾಯವಿರುವವರು ‘ಬಿ’, ಉಸಿರು ಕಟ್ಟುವಿಕೆ, ಎದೆನೋವು, ರಕ್ತದೊತ್ತಡ ಕುಸಿತ ಇರುವವರು ‘ಸಿ’. ಗಂಟಲ ದ್ರವದ ಪರೀಕ್ಷೆ ಕಡ್ಡಾಯವಿರುವುದು ಈ ಕೊನೆಯವರಿಗೆ ಮಾತ್ರ. ಹಾಸಿಗೆಗಳ ಕೊರತೆಯಿರುವಲ್ಲಿ ಚಿಕಿತ್ಸೆಯ ದೃಷ್ಟಿಯಿಂದ ಈ ನಿಯಮ ವಿವೇಕದ್ದೇ. ಆದರೆ ದೇವದುರ್ಗದ ಒಂದು ಹಳ್ಳಿಯಲ್ಲಿ ಇನ್ನೂರು ಜನ ಮೂರು ದಿನ ಮಲಗಿ ಎದ್ದರೆ ಅವರು ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಒಬ್ಬರು ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಬಂದು ತೀರಿಕೊಂಡರೆ ಅವರು ಸೇರುತ್ತಾರೆ. ಯಾವುದರಿಂದ ಭಾಗಿಸಬೇಕೋ ಆ ಸಂಖ್ಯೆಯೇ ಇಲ್ಲದ ಲೆಕ್ಕ ಅದು. ನಾರ್ವೆಯ ಅಧ್ಯಯನಕ್ಕೆ ಬೆಲೆ ಬಂದದ್ದು 61 ಜನ ತೀವ್ರ ರೋಗಿಗಳಿಂದಲ್ಲ, ಅವರ ಪಕ್ಕದಲ್ಲಿ ಇಟ್ಟು ನೋಡಲು ಸಿಕ್ಕ 205 ಜನ ಸೌಮ್ಯ ರೋಗಿಗಳಿಂದ.

ಮಾತು ಇಲ್ಲಿ ನೂರು ವರ್ಷ ಹಿಂದಕ್ಕೆ ಹೊರಳಿತು. ಹಾಗೆ ಹೊರಳುವುದು ಅನಿವಾರ್ಯವೂ ಆಗಿತ್ತು, ಏಕೆಂದರೆ ಇನ್‌ಫ್ಲುಯೆಂಜಾದ ಬಿರುಸನ್ನು ಅತಿ ಹೆಚ್ಚು ಅನುಭವಿಸಿದ ದೇಶದಲ್ಲಿ ಆ ಅನುಭವದ ನೆನಪು ಅತಿ ಕಡಿಮೆ ಉಳಿದಿದೆ.

ಅಧ್ಯಾಪಕಿ: 1918ರ ಜ್ವರ ಮುಂಬಯಿಯಿಂದ ರೈಲುಮಾರ್ಗಗಳಗುಂಟ ಒಳನಾಡಿಗೆ ಇಳಿಯಿತು ಎಂದು ಇತಿಹಾಸಕಾರರು ಹೇಳುತ್ತಾರೆ. ಮುಂಬಯಿಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವೂ ಮದ್ರಾಸಿನ ರೈಲುಮಾರ್ಗವೂ 1871ರಲ್ಲಿ ಬಂದು ಕೂಡಿದ್ದು ರಾಯಚೂರಿನಲ್ಲಿ. ನಿಜಾಮರ ಆಳ್ವಿಕೆಯ ಈ ಊರು ಆಗ ಎರಡು ಮಹಾನಗರಗಳ ನಡುವಿನ ಗಂಟು.

ವೈದ್ಯ: ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 1 ಕೋಟಿ 34 ಲಕ್ಷ ಇದ್ದದ್ದು 1921ರ ಜನಗಣತಿಯಲ್ಲಿ 1 ಕೋಟಿ 25 ಲಕ್ಷಕ್ಕೆ ಇಳಿದಿತ್ತು. ಆ ದಶಕದಲ್ಲಿ ಪ್ಲೇಗು, ಬರಗಾಲಗಳೂ ಇದ್ದವು. ಆದರೆ ದೊಡ್ಡ ಏಟು ಇನ್‌ಫ್ಲುಯೆಂಜಾದ್ದು. ಇಡೀ ಭಾರತದಲ್ಲಿ ಸತ್ತವರು 1.2 ಕೋಟಿಯಿಂದ 2 ಕೋಟಿ ಎಂದು ಬೇರೆ ಬೇರೆ ಅಂದಾಜುಗಳಿವೆ, ಬೇರಾವ ದೇಶದಲ್ಲೂ ಇಷ್ಟು ಜನ ಸಾಯಲಿಲ್ಲ. 1918ರ ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ಇಳಿದ ಮೊದಲ ಅಲೆ ಬಹುಮಟ್ಟಿಗೆ ಸೌಮ್ಯವಾಗಿತ್ತು. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆ 20ರಿಂದ 40 ವಯಸ್ಸಿನ ದುಡಿಯುವ ಜನರನ್ನೇ ಆರಿಸಿಕೊಂಡಂತೆ ಕೊಂದಿತು.

ಅಧ್ಯಾಪಕಿ: ಎರಡು ಅಲೆಗಳ ನಡುವೆ ವೈರಸ್ಸು ರೂಪಾಂತರ ಹೊಂದಿತ್ತು ಎಂಬುದೇ ಸಹಜ ಊಹೆ.

ವೈದ್ಯ: ಊಹೆಗೆ ಸ್ವಲ್ಪ ಆಧಾರವೂ ಸಿಕ್ಕಿದೆ. ಅಲಾಸ್ಕಾದ ಹಿಮಗಟ್ಟಿದ ಸಮಾಧಿಯೊಂದರಿಂದ ಯೋಹಾನ್ ಹುಲ್ಟಿನ್ 1997ರಲ್ಲಿ ತಂದ ಶ್ವಾಸಕೋಶದ ತುಣುಕು, ಅಮೆರಿಕದ ಸೈನಿಕರ ದೇಹಗಳಿಂದ ಉಳಿಸಿಟ್ಟಿದ್ದ ತುಣುಕುಗಳು, ಇವುಗಳಿಂದ ಜೆಫ್ರಿ ಟಾಬೆನ್‌ಬರ್ಗರ್ ಅವರ ತಂಡ ಆ ವೈರಸ್ಸಿನ ಪೂರ್ಣ ಬರಹವನ್ನು 2005ರ ಹೊತ್ತಿಗೆ ಓದಿ ಮುಗಿಸಿತು. ಯುರೋಪಿನ ಹಳೆಯ ಸಂಗ್ರಹಗಳಲ್ಲಿದ್ದ ತುಣುಕುಗಳ 2022ರ ಅಧ್ಯಯನವೊಂದು, ಮೊದಲ ಅಲೆಯ ವೈರಸ್ಸಿಗೂ ನಂತರದ್ದಕ್ಕೂ ನ್ಯೂಕ್ಲಿಯೋಪ್ರೋಟೀನು ಎಂಬ ಒಳಗಿನ ಪ್ರೋಟೀನಿನಲ್ಲಿ ವ್ಯತ್ಯಾಸವಿರುವುದನ್ನು ಕಂಡಿತು. ಮನುಷ್ಯನ ಜೀವಕೋಶ ಒಡ್ಡುವ ಸಹಜ ತಡೆಯೊಂದನ್ನು ಮೀರಲು ಅದು ನೆರವಾಗಿರಬಹುದು. ಆದರೆ ರೂಪಾಂತರದಿಂದಲೇ ಎಲ್ಲವನ್ನೂ ವಿವರಿಸಿದರೆ ಮುಂಬಯಿಯ ಅಂಕಿಗಳು ಅಡ್ಡ ನಿಲ್ಲುತ್ತವೆ. ಆ ನಗರದಲ್ಲಿ ಯುರೋಪಿಯನ್ನರು ಸಾವಿರಕ್ಕೆ 8.3ರಂತೆ ಸತ್ತರೆ, ಅಂದಿನ ದಾಖಲೆ ಕೆಳಜಾತಿಯ ಹಿಂದೂಗಳು ಎಂದು ಕರೆದವರು ಸಾವಿರಕ್ಕೆ 61.6ರಂತೆ ಸತ್ತರು. ಒಂದೇ ನಗರ, ಒಂದೇ ಅಲೆ, ಒಂದೇ ವೈರಸ್ಸು; ಸಾವು ಏಳು ಪಟ್ಟಿಗೂ ಹೆಚ್ಚು. ಆ ವರ್ಷ ಮುಂಗಾರು ಕೈಕೊಟ್ಟು ಹೊಟ್ಟೆ ಬರಿದಾಗಿತ್ತು. ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುತ್ತಿದ್ದರು. ವೈರಸ್ಸು ಶ್ವಾಸನಾಳವನ್ನು ಸುಟ್ಟು ಬಿಟ್ಟುಹೋದ ಮೇಲೆ ಬ್ಯಾಕ್ಟೀರಿಯಾಗಳು ಒಳಹೊಕ್ಕು ತರುವ ನ್ಯುಮೋನಿಯಾ ಹೆಚ್ಚಿನವರನ್ನು ಕೊಂದಿತು, ಅದಕ್ಕೆ ಪೆನಿಸಿಲಿನ್ ಇನ್ನೂ ಹುಟ್ಟಿರಲಿಲ್ಲ.

ಅಧ್ಯಾಪಕಿ: ಅಲಾಸ್ಕಾ, ಅಮೆರಿಕ, ಯುರೋಪು. ಸತ್ತವರು ಇಲ್ಲಿ, ವೈರಸ್ಸಿನ ಬರಹ ಉಳಿದದ್ದು ಅಲ್ಲಿ.

ವೈದ್ಯ: ಹೌದು. ಇಲ್ಲಿ ಉಳಿದದ್ದು ಜನಗಣತಿಯ ಒಂದು ಸಾಲು.

ಅಧ್ಯಾಪಕಿ: ದೇವದುರ್ಗಕ್ಕೆ ಇಂದಿಗೂ ರೈಲಿಲ್ಲ, ಆದರೆ ಗುಳೆ ಇದೆ. ಸುಗ್ಗಿ ಮುಗಿದು ಕೆಲಸವಿಲ್ಲದಾಗ ಸಂಸಾರ ಸಮೇತ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳ ಕಟ್ಟಡಗಳಿಗೆ ದುಡಿಯಲು ಹೋಗಿ, ಹಬ್ಬಕ್ಕೆ ಮರಳುವ ಜನರ ಈ ಹರಿವನ್ನು ಯಾವ ವೈರಸ್ಸೂ ಬಳಸಿಕೊಳ್ಳದೆ ಬಿಡಲಾರದು.

ವೈದ್ಯ: ಹರಡುವ ಗುಣದ ಅರ್ಧ ಭಾಗ ವೈರಸ್ಸಿನಲ್ಲಿದ್ದರೆ ಇನ್ನರ್ಧ ಇಂಥ ಹಾದಿಗಳಲ್ಲಿದೆ. 2020ರಲ್ಲಿ ಕೋವಿಡ್ಡಿನಿಂದ ಜನಸಂಚಾರ ನಿಂತಾಗ ಇನ್‌ಫ್ಲುಯೆಂಜಾ ‘ಬಿ’ಯ ಯಮಗಾಟ ಎಂಬ ಇಡೀ ವಂಶ ಜಗತ್ತಿನಿಂದ ಕಾಣೆಯಾಯಿತು, ಆ ವರ್ಷದ ಮಾರ್ಚಿನ ನಂತರ ಅದು ಖಚಿತವಾಗಿ ಸಿಕ್ಕಿಲ್ಲ, ಅದನ್ನು ಲಸಿಕೆಯಿಂದ ಕೈಬಿಡುವಂತೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅದನ್ನು ಅಳಿಸಿದ್ದು ಯಾವ ರೂಪಾಂತರವೂ ಅಲ್ಲ.

ಅಧ್ಯಾಪಕಿ: ಕೋಳಿಜ್ವರದ ಭಯ ಮಾತ್ರ ಬೇರೆ ಬಗೆಯದು. 2016ರಲ್ಲಿ ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಮೊಳಕೇರಾದಲ್ಲಿ, 2025ರ ಆರಂಭದಲ್ಲಿ ತುಂಗಭದ್ರೆಯಾಚೆಯ ಬಳ್ಳಾರಿ ಜಿಲ್ಲೆಯ ಕುರೆಕುಪ್ಪದಲ್ಲಿ ಎಚ್5ಎನ್1 ಕೋಳಿಗಳನ್ನು ಕೊಂದಾಗ ಮಾನ್ವಿಯ ಸಂತೆಯಲ್ಲೂ ಕೋಳಿಯನ್ನು ಕೊಳ್ಳಬೇಕೆ ಬೇಡವೆ ಎಂಬುದೇ ಮಾತಾಗಿತ್ತು.

ವೈದ್ಯ: ರೂಪಾಂತರಕ್ಕೂ ತೀವ್ರತೆಗೂ ಇರುವ ನೇರ ಸಂಬಂಧವನ್ನು ಕಾಣಬೇಕಾದರೆ ಕೋಳಿಯಲ್ಲೇ ಕಾಣಬೇಕು. ಹಿಮಗ್ಲುಟಿನಿನ್ ಕೆಲಸ ಮಾಡಬೇಕಾದರೆ ಆತಿಥೇಯ ಪ್ರಾಣಿಯ ಯಾವುದಾದರೂ ಕಿಣ್ವ ಅದನ್ನು ಒಂದು ಸ್ಥಾನದಲ್ಲಿ ಸೀಳಬೇಕು. ಸೌಮ್ಯ ತಳಿಯಲ್ಲಿ ಸೀಳುವ ಕಿಣ್ವಗಳು ಶ್ವಾಸನಾಳ ಮತ್ತು ಕರುಳಿನಲ್ಲಿ ಮಾತ್ರ ಇರುವುದರಿಂದ ಸೋಂಕು ಅಲ್ಲಿಗೇ ಸೀಮಿತ. ಆ ಸ್ಥಾನದಲ್ಲಿ ಕ್ಷಾರೀಯ ಅಮೈನೋ ಆಮ್ಲಗಳು ಸಾಲಾಗಿ ಸೇರಿಕೊಂಡರೆ, ದೇಹದ ಎಲ್ಲ ಅಂಗಗಳಲ್ಲೂ ಇರುವ ಫ್ಯೂರಿನ್ ಎಂಬ ಕಿಣ್ವವೇ ಅದನ್ನು ಸೀಳಬಲ್ಲದು. ಆಗ ವೈರಸ್ಸು ಮಿದುಳು, ಹೃದಯಗಳಿಗೂ ಹಬ್ಬಿ, ಎರಡು ಮೂರು ದಿನಗಳಲ್ಲಿ ಕೊಟ್ಟಿಗೆ ಬರಿದಾಗುತ್ತದೆ. ಅದೇ ವೈರಸ್ಸು ಮನುಷ್ಯನನ್ನು ಕೊಲ್ಲಬಲ್ಲದು, ಆದರೆ ಹರಡಲಾರದು: 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯಲ್ಲಿ ಎಳೆಯ ಮಗುವೊಂದು ಎಚ್5ಎನ್1ನಿಂದ ತೀರಿಕೊಂಡಿತು, ರೋಗ ಆ ಮಗುವಿನಾಚೆಗೆ ಹೋಗಲಿಲ್ಲ. ಕೊಲ್ಲುವ ಗುಣ ಇದ್ದು ಹರಡುವ ಗುಣ ಇಲ್ಲದಿರುವುದು ಹೀಗೆ. 2012ರಲ್ಲಿ ನೆದರ್ಲೆಂಡ್ಸ್‌ನ ರಾನ್ ಫೌಶಿಯೆ ತಂಡ ಎಚ್5ಎನ್1ನಲ್ಲಿ ಐದಾರು ಬದಲಾವಣೆಗಳನ್ನು ತಂದು, ಅದು ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳ ನಡುವೆ ಗಾಳಿಯಲ್ಲಿ ಹರಡಬಲ್ಲದೆಂದು ತೋರಿಸಿತು; ಹಾಗೆ ಗಾಳಿಯಿಂದ ಸೋಂಕು ಪಡೆದ ಫೆರೆಟ್‌ಗಳು ಸಾಯಲಿಲ್ಲ ಎಂಬುದು ಆ ವರದಿಯಲ್ಲೇ ಇತ್ತು, ಸುದ್ದಿಯಲ್ಲಿ ಮಾತ್ರ ಅಷ್ಟಾಗಿ ಬರಲಿಲ್ಲ.

ಅಧ್ಯಾಪಕಿ: ಹಾಗಾದರೆ ಈ ಸೀಮೆಯಲ್ಲಿ ಮುಂದೊಂದು ದಿನ ವೈರಸ್ಸು ನಿಜವಾಗಿಯೂ ಕೆಡುಕಿನ ಕಡೆಗೆ ಬದಲಾದರೆ ತಿಳಿಯುವ ಬಗೆ ಯಾವುದು?

ವೈದ್ಯ: 2022ರ ಡಿಸೆಂಬರಿನಲ್ಲಿ ಬೇರೊಂದು ವೈರಸ್ಸಾದ ಜೀಕಾದ ಕರ್ನಾಟಕದ ಮೊದಲ ಪ್ರಕರಣ ಪತ್ತೆಯಾದದ್ದು ಮಾನ್ವಿ ತಾಲ್ಲೂಕಿನಲ್ಲಿ, ಹೊರಗೆಲ್ಲೂ ಹೋಗಿ ಬಂದಿರದ 5 ವರ್ಷದ ಬಾಲಕಿಯಲ್ಲಿ. ಪುಣೆಗೆ ಕಳಿಸಿದ 3 ಮಾದರಿಗಳಲ್ಲಿ ಎರಡು ಇಲ್ಲವೆಂದು ಬಂದವು, ಒಂದು ಹೌದೆಂದು ಬಂತು. ಒಂದು ತಾಲ್ಲೂಕಿನ ಜ್ವರದ ಹೆಸರು ಹಾಗೆ ಗೊತ್ತಾಯಿತು. ಇನ್‌ಫ್ಲುಯೆಂಜಾಕ್ಕೆ ಬೇಕಿರುವುದೂ ಅದೇ, ಆದರೆ ‘ಸಿ’ ವರ್ಗದವರಿಂದ ಮಾತ್ರವಲ್ಲ, ಮೂರು ದಿನದಲ್ಲಿ ಎದ್ದು ಹತ್ತಿ ಬಿಡಿಸಲು ಹೋಗುವವರಿಂದಲೂ ಕೆಲವು ಮಾದರಿಗಳು. ಪ್ರತಿಯೊಂದರ ಮೇಲೂ ವಯಸ್ಸು, ಊರು, ಜ್ವರ ಹಿಡಿದ ದಿನ, ಎಲ್ಲಿಂದ ಮರಳಿದವರು, ಆಸ್ಪತ್ರೆ ಸೇರಿದರೋ ಇಲ್ಲವೋ ಎಂಬ ಬರಹ.

ಅಧ್ಯಾಪಕಿ: ಯಾವಾಗ ತೆಗೆಯಬೇಕು?

ವೈದ್ಯ: ಮುಂಗಾರಿನಲ್ಲಿ ಒಮ್ಮೆ, ಏಕೆಂದರೆ ಈ ಭಾಗದಲ್ಲಿ ಫ್ಲೂ ಹೆಚ್ಚುವುದು ಆಗ, ಯುಗಾದಿಯ ಮುಂಚಿನ ವಾರದಲ್ಲಿ ಇನ್ನೊಮ್ಮೆ, ಏಕೆಂದರೆ ಗುಳೆ ಹೋದವರು ಮರಳುವುದು ಆಗ. ಜ್ವರ ಹಿಡಿದ ಮೂರು ನಾಲ್ಕು ದಿನಗಳೊಳಗೆ ಗಂಟಲ ದ್ರವ ತೆಗೆದು, 2ರಿಂದ 8 ಡಿಗ್ರಿಯ ತಂಪಿನಲ್ಲಿ, 72 ಗಂಟೆಗಳೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಯುಗಾದಿಯ ಹೊತ್ತಿಗೆ ರಾಯಚೂರಿನ ಬಿಸಿಲು 40 ಡಿಗ್ರಿಯ ಹತ್ತಿರ ಇರುತ್ತದೆ. ದೇವದುರ್ಗದ ಬಸ್ಸು ರಾಯಚೂರಿನ ನಿಲ್ದಾಣ ಮುಟ್ಟುವವರೆಗೂ ಆ ಪೆಟ್ಟಿಗೆಯೊಳಗಿನ ಐಸು ಕರಗಬಾರದು.